ಮೂವತ್ತೆಂಟು ವರ್ಷದ ಹೊಗೆ, ಒಂದು ಸಾಲಿನ ವರದಿ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನಮ್ಮ ಯಜಮಾನರು 1987ರಲ್ಲಿ ಅಗ್ನಿಶಾಮಕ ಇಲಾಖೆಗೆ ಫೈರ್‌ಮನ್ ಆಗಿ ಸೇರಿದವರು. ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳ ಠಾಣೆಗಳಲ್ಲಿ ದುಡಿದು ಹೋದ ವರ್ಷ ನಿವೃತ್ತರಾದರು. ಈಗ 61 ವರ್ಷ. ಎರಡು ವರ್ಷದಿಂದ ಮರೆವು ಕಾಣಿಸಿಕೊಂಡಿದೆ. ಹಾಲು ತರಲು ಹೋದವರು ಬರಿಗೈಯಲ್ಲಿ ಬರುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ. ಕಳೆದ ತಿಂಗಳು ಸಂಜಯ ವೃತ್ತದಲ್ಲಿ ಗಾಡಿ ನಿಲ್ಲಿಸಿಕೊಂಡು, ಮನೆಗೆ ಯಾವ ಕಡೆ ತಿರುಗಬೇಕು ಎಂದು ನನಗೆ ಫೋನ್ ಮಾಡಿದರು. ಬೆಂಗಳೂರಿನಲ್ಲಿರುವ ನಮ್ಮ ಮಗ, ಅಮೆರಿಕದಲ್ಲಿ ಆ ದೊಡ್ಡ ಕಟ್ಟಡಗಳು ಉರುಳಿದ ಜಾಗದಲ್ಲಿ ಕೆಲಸ ಮಾಡಿದವರಿಗೆ ಚಿಕ್ಕ ವಯಸ್ಸಿನಲ್ಲೇ ಮರೆವಿನ ಕಾಯಿಲೆ ಬರುತ್ತಿದೆ, ಅದು ರಕ್ತದಲ್ಲೇ ತಿಳಿಯುತ್ತದೆ ಎಂದು ಎಲ್ಲೋ ಓದಿ, ಪ್ರಯೋಗಾಲಯದವರನ್ನು ಮನೆಗೆ ಕರೆಸಿ ರಕ್ತ ಕೊಡಿಸಿದ. ವರದಿಯಲ್ಲಿ ‘ಪಿ-ಟೌ 217’ ಎಂಬುದರ ಎದುರು ಕೆಂಪು ಅಕ್ಷರದಲ್ಲಿ ‘ಹೆಚ್ಚು’ ಎಂದಿದೆ. ಮಗ ಫೋನಿನಲ್ಲಿ ಅತ್ತುಬಿಟ್ಟ. ಯಜಮಾನರಿಗೆ 14 ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆ ನುಂಗುತ್ತಾರೆ. ಬಸ್ಸು ನಾಲೆಗೆ ಬಿದ್ದ ವರ್ಷದಿಂದ ರಾತ್ರಿ ಕೂಗಿಕೊಂಡು ಏಳುತ್ತಾರೆ, ಅದಕ್ಕೆ ಮೆಡಿಕಲ್ ಅಂಗಡಿಯಿಂದ ನಿದ್ದೆ ಮಾತ್ರೆ ತಂದುಕೊಂಡಿದ್ದಾರೆ. ವರದಿಯ ಎಲ್ಲ ಹಾಳೆಗಳ ನಕಲು ಇಟ್ಟಿದ್ದೇನೆ. ಇವರಿಗೆ ಆಲ್‌ಝೈಮರ್ ಎಂದು ತೀರ್ಮಾನವಾಯಿತೇ? ಇಷ್ಟು ವರ್ಷ ಕುಡಿದ ಹೊಗೆಯೇ ಇದಕ್ಕೆ ಕಾರಣವೇ?
— ಹೆಸರು ಬೇಡ, ಮಂಡ್ಯ

ಉತ್ತರ: ತಾಯಿ, ತೀರ್ಮಾನವಾಗಿಲ್ಲ. ಮೊದಲು ಇಷ್ಟನ್ನು ಮಗನಿಗೆ ಫೋನ್ ಮಾಡಿ ಹೇಳಿ, ಆಮೇಲೆ ಮುಂದಕ್ಕೆ ಓದಿ.

ನೀವು ಕಳುಹಿಸಿದ ನಾಲ್ಕು ಹಾಳೆಗಳಲ್ಲಿ ಮನೆಯವರೆಲ್ಲ ನೋಡಿರುವುದು ಮೊದಲ ಹಾಳೆಯ ಕೆಂಪು ಅಕ್ಷರವನ್ನು. ನನ್ನ ಕಣ್ಣು ನಿಂತದ್ದು ಮೂರನೆಯ ಹಾಳೆಯಲ್ಲಿ. ಅಲ್ಲಿ ಕ್ರಿಯಾಟಿನಿನ್ 2.1 ಎಂದಿದೆ. ಅವರ ವಯಸ್ಸಿಗೆ ಲೆಕ್ಕ ಹಾಕಿದರೆ ಮೂತ್ರಪಿಂಡದ ಸೋಸುವ ಶಕ್ತಿ, ಅಂದರೆ ಜಿಎಫ್‌ಆರ್, ಸುಮಾರು 35ಕ್ಕೆ ಇಳಿದಿದೆ. 90ರ ಆಚೀಚೆ ಇರಬೇಕಾದದ್ದು. ಇದು ಮೆದುಳಿನ ಪರೀಕ್ಷೆಗೆ ಸಂಬಂಧಪಡದ ಸಂಗತಿಯಲ್ಲ. ಟೌ ಎನ್ನುವುದು ಮೆದುಳಿನ ನರಕೋಶಗಳ ಒಳಗಿನ ಒಂದು ಪ್ರೋಟೀನು. ಅಮಿಲಾಯ್ಡ್ ಎಂಬ ಇನ್ನೊಂದು ಪ್ರೋಟೀನು ಮೆದುಳಿನಲ್ಲಿ ಗಸಿಯಂತೆ ಕಟ್ಟಿಕೊಳ್ಳತೊಡಗಿದಾಗ, ಟೌ ಪ್ರೋಟೀನಿನ 217ನೆಯ ಸ್ಥಾನದಲ್ಲಿ ರಂಜಕದ ಅಂಶ ಸೇರಿದ ತುಣುಕುಗಳು ರಕ್ತದಲ್ಲಿ ಹೆಚ್ಚಾಗುತ್ತವೆ. ಪಿ-ಟೌ 217 ಅಂದರೆ ಅದೇ. ಆದರೆ ಮೂತ್ರಪಿಂಡ ಸೊರಗಿದಾಗಲೂ ಈ ತುಣುಕುಗಳ ಪ್ರಮಾಣ ರಕ್ತದಲ್ಲಿ ಏರುತ್ತದೆ. ಪಿ-ಟೌವನ್ನು ಒಂಟಿಯಾಗಿ ಅಳೆಯದೆ ಸಾಮಾನ್ಯ ಟೌ ಜೊತೆಗಿನ ಅನುಪಾತವಾಗಿ ಲೆಕ್ಕ ಹಾಕುವ ವಿಧಾನದಲ್ಲಿ ಈ ತೊಡಕು ಕಡಿಮೆ. ನಿಮ್ಮ ವರದಿಯಲ್ಲಿರುವುದು ಒಂಟಿ ಅಂಕಿ. ಹಾಗಾಗಿ ಆ ‘ಹೆಚ್ಚು’ ಎಂಬುದರಲ್ಲಿ ಮೆದುಳಿನ ಪಾಲು ಎಷ್ಟು, ಮೂತ್ರಪಿಂಡದ ಪಾಲು ಎಷ್ಟು ಎಂದು ಆ ಹಾಳೆಯೊಂದನ್ನೇ ನೋಡಿ ಯಾರೂ ಹೇಳಲಾರರು.

ಪರೀಕ್ಷೆಯೇ ಸುಳ್ಳು ಎಂದು ತಿಳಿಯಬೇಡಿ. ನಾನು ನರರೋಗ ವೈದ್ಯಳಾಗಿ ದುಡಿದ ಕಾಲದ ಬಹುಭಾಗ, ಅಮಿಲಾಯ್ಡ್ ಇದೆಯೇ ಎಂದು ತಿಳಿಯಬೇಕಾದರೆ ಬೆನ್ನುಹುರಿಯ ನೀರು ತೆಗೆಯಬೇಕಿತ್ತು, ಇಲ್ಲವೇ ನಮ್ಮ ಕಡೆಯ ಜನಕ್ಕೆ ಎಟುಕದ ಪೆಟ್ ಸ್ಕ್ಯಾನ್ ಆಗಬೇಕಿತ್ತು. ಈಗ ತೋಳಿನ ರಕ್ತದಲ್ಲಿ ಅದರ ಸುಳಿವು ಸಿಗುತ್ತದೆ ಎನ್ನುವುದು ನನ್ನ ಕಣ್ಣೆದುರೇ ಆದ ದೊಡ್ಡ ಬದಲಾವಣೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಮೊದಲ ರಕ್ತಪರೀಕ್ಷೆಗೆ ಅನುಮತಿ ಕೊಟ್ಟಿತು. ಅದೂ ಪಿ-ಟೌ 217 ಮತ್ತು ಅಮಿಲಾಯ್ಡ್ ಎರಡರ ಅನುಪಾತ. ಆ ಅನುಮತಿಯಲ್ಲಿ ಎರಡು ಮಾತು ಸ್ಪಷ್ಟವಾಗಿವೆ: ಮರೆವಿನ ಲಕ್ಷಣ ಇರುವವರಿಗೆ ಮಾತ್ರ, ಮತ್ತು ಉಳಿದ ತಪಾಸಣೆಯ ಜೊತೆಗೆ ಮಾತ್ರ. ರಕ್ತ ಮೊದಲು, ವೈದ್ಯರು ಆಮೇಲೆ ಎಂಬ ಕ್ರಮ ಅದರಲ್ಲಿ ಇಲ್ಲ. ನಿಮ್ಮ ಮನೆಯಲ್ಲಿ ಆದದ್ದು ಅದೇ ತಿರುವುಮುರುವು. ಮಗನ ತಪ್ಪೇನೂ ಇಲ್ಲ. ಅವನು ಹೆದರಿದ್ದ, ಹೆದರಿದವನ ಮೊಬೈಲಿನಲ್ಲಿ ಅದು ಸುಲಭವಾಗಿ ಸಿಕ್ಕಿತು.

ಅದೇ ಮೂರನೆಯ ಹಾಳೆಯಲ್ಲಿ ಇನ್ನೊಂದು ಅಂಕಿ ಇದೆ: ವಿಟಮಿನ್ ಬಿ12, 142. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತೇವೆ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕುಸಿಯುವುದು ಚೆನ್ನಾಗಿ ಗೊತ್ತಿರುವ ವಿಷಯ. ಬಿ12 ಕೊರತೆಯಿಂದ ಮರೆವು, ಮಂಕು, ಪಾದದ ಜೋಮು, ನಡಿಗೆಯ ತಡವರಿಕೆ ಎಲ್ಲವೂ ಬರಬಹುದು, ಮತ್ತು ಇದಕ್ಕೆ ಕಡಿಮೆ ಖರ್ಚಿನ ಚುಚ್ಚುಮದ್ದಿದೆ. ಇದರ ಎದುರು ಕೆಂಪು ಅಕ್ಷರ ಇರಲಿಲ್ಲ, ಒಂದು ಸಣ್ಣ ನಕ್ಷತ್ರದ ಗುರುತು ಮಾತ್ರ ಇತ್ತು. ಕೂಡಲೇ ನೋಡಬೇಕಾಗಿದ್ದದ್ದು ಅದನ್ನು. ಅವರು ನುಂಗುವುದು ಮೆಟ್‌ಫಾರ್ಮಿನ್ನೇ ಆಗಿದ್ದರೆ, ಮೂತ್ರಪಿಂಡದ ಈ ಸ್ಥಿತಿಯಲ್ಲಿ ಅದರ ಪ್ರಮಾಣವನ್ನೂ ವೈದ್ಯರು ಮತ್ತೆ ನಿರ್ಧರಿಸಬೇಕಾಗುತ್ತದೆ. ಮಾತ್ರೆಯ ಪಟ್ಟಿಯನ್ನೇ ಹಿಡಿದುಕೊಂಡು ಹೋಗಿ ತೋರಿಸಿ.

ಇನ್ನು ನಿದ್ದೆ ಮಾತ್ರೆ. ನೀವು ಅದರ ಹೆಸರು ಬರೆದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಡುವುದು ಹೆಚ್ಚಾಗಿ ಆಲ್ಪ್ರಜೋಲಾಮ್ ಜಾತಿಯ ಮಾತ್ರೆ. ವರ್ಷಗಟ್ಟಲೆ ತೆಗೆದುಕೊಂಡರೆ ಅದೇ ನೆನಪನ್ನು ಮಸುಕಾಗಿಸುತ್ತದೆ. ಹಾಗೆಂದು ಈ ರಾತ್ರಿಯೇ ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ವೈದ್ಯರ ಕೈಯಲ್ಲಿ ವಾರವಾರವೂ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಇದರ ಬಗ್ಗೆ ನನಗೆ ಬಹಳ ದಿನದಿಂದ ಹೇಳಬೇಕೆಂದಿತ್ತು.

ಮಗ ಓದಿದ ಸುದ್ದಿ ನಿಜ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರ ಕುಸಿದ ಮೇಲೆ ಅಲ್ಲಿ ತಿಂಗಳುಗಟ್ಟಲೆ ಅವಶೇಷ ಎತ್ತಿದ ಪೊಲೀಸರು, ಅಗ್ನಿಶಾಮಕದವರು, ಕಟ್ಟಡ ಕೆಲಸದವರು ಪುಡಿಯಾದ ಸಿಮೆಂಟು, ಗಾಜಿನ ನಾರು, ಕಲ್ನಾರು, ಸೀಸ ಎಲ್ಲವೂ ಬೆರೆತ ಧೂಳನ್ನು ಉಸಿರಾಡಿದರು. ಅವರ ಆರೋಗ್ಯವನ್ನು ಇಂದಿಗೂ ನೋಡಿಕೊಳ್ಳುವ ಸರ್ಕಾರಿ ಯೋಜನೆಯೊಂದು ಅಲ್ಲಿದೆ. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ವೈದ್ಯರು ಅಂಥ 5010 ಜನರನ್ನು, ಎಲ್ಲರೂ 60 ವರ್ಷದ ಒಳಗಿನವರನ್ನು, ಆರಂಭದಲ್ಲಿ ಮರೆವಿನ ಕಾಯಿಲೆ ಇಲ್ಲದವರನ್ನು, ಐದು ವರ್ಷದವರೆಗೆ ಗಮನಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. 228 ಜನರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಕಂಡುಬಂತು. ಆ ವಯಸ್ಸಿಗೆ ಇದು ದಿಗಿಲು ಹುಟ್ಟಿಸುವ ಸಂಖ್ಯೆ. ಧೂಳಿನಲ್ಲಿ ಹೆಚ್ಚು ಮುಳುಗಿದವರಲ್ಲಿ ಕಾಯಿಲೆ ಹೆಚ್ಚು. ಮುಖಕವಚ, ರಕ್ಷಣಾ ಉಡುಪು ಧರಿಸಿದ್ದವರಲ್ಲಿ ಕಡಿಮೆ. ಧೂಳೇ ಕಾರಣ ಎಂದು ಅದು ಕಟ್ಟುನಿಟ್ಟಾಗಿ ಸಾಬೀತು ಮಾಡುವುದಿಲ್ಲ. ಯಾರು ಎಷ್ಟು ಧೂಳಿನಲ್ಲಿದ್ದರು ಎನ್ನುವುದು ಅವರವರೇ ನೆನಪಿಸಿಕೊಂಡು ಹೇಳಿದ್ದು. ಆದರೂ ಧೂಳು ಹೆಚ್ಚಾದಂತೆ ಕಾಯಿಲೆಯೂ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಕಂಡ ಮೇಲೆ ಯಾವ ವೈದ್ಯರೂ ಕೈಕಟ್ಟಿ ಕೂರುವಂತಿಲ್ಲ.

ಅಲ್ಲಿ ಇದು ಹೇಗೆ ತಿಳಿಯಿತು ಎನ್ನುವುದನ್ನು ಗಮನಿಸಿ. ಯಾರು, ಎಲ್ಲಿ, ಎಷ್ಟು ದಿನ, ಮುಖಕ್ಕೆ ಏನು ಕಟ್ಟಿಕೊಂಡಿದ್ದರು ಎಂದು ಕೇಳಿ ಬರೆದುಕೊಂಡಿದ್ದರಿಂದ ತಿಳಿಯಿತು. ನಮ್ಮಲ್ಲಿ ಯಾರು ಕೇಳಿದ್ದೇವೆ? 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋಗೆ ಬೆಂಕಿ ಬಿದ್ದು 62 ಜನ ಸತ್ತರು. ನಾನಾಗ ಕಿರಿಯ ವೈದ್ಯೆ. ಸುಟ್ಟಗಾಯದವರನ್ನು ನೋಡಿಕೊಳ್ಳಲು ನನ್ನನ್ನೂ ಹಾಕಿದ್ದರು. ಆ ವಾಸನೆ ಈಗಲೂ ಮರೆತಿಲ್ಲ. ವಾರ್ಡಿನ ಹೊರಗಿನ ಗೋಡೆಗೆ ಒರಗಿ ಕೂತಿದ್ದ ಅಗ್ನಿಶಾಮಕದ ಹುಡುಗರ ಮುಖ ಮಸಿಯಾಗಿತ್ತು, ಅವರು ಕೆಮ್ಮುತ್ತಿದ್ದರು. ಗಾಯವಿಲ್ಲ ಎಂದು ನಾವು ಅವರನ್ನು ನೋಡಲಿಲ್ಲ. ಒಬ್ಬರ ಹೆಸರನ್ನೂ ಬರೆದುಕೊಳ್ಳಲಿಲ್ಲ. ನಿಮ್ಮ ಯಜಮಾನರು 1987ರಲ್ಲಿ ಸೇರಿ ಮೈಸೂರಿನಲ್ಲಿಯೂ ಇದ್ದರು ಎಂದು ಓದಿದಾಗ, ಆ ಗೋಡೆಯ ಬದಿಯಲ್ಲಿ ಅವರೂ ಇದ್ದರೇನೋ ಎಂದು ಕಾಗದವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಆಮೇಲಿನ ಮೂವತ್ತು ವರ್ಷವೂ ನನ್ನ ಕೊಠಡಿಗೆ ಬಂದ ಇಂಥವರ ಕೇಸ್ ಹಾಳೆಯಲ್ಲಿ ‘ವೃತ್ತಿ’ ಎಂಬಲ್ಲಿ ‘ಸರ್ಕಾರಿ ನೌಕರ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೇನೆ. ಅದು ಅರೆಬರೆ ಉತ್ತರವೆಂದು ಈಗ ಗೊತ್ತು.

ಆದ್ದರಿಂದ ನರರೋಗ ತಜ್ಞರ ಬಳಿಗೆ ಹೋಗುವ ಮುನ್ನ ಒಂದು ನೋಟ್‌ಬುಕ್ ಹಿಡಿದು ಯಜಮಾನರ ಪಕ್ಕದಲ್ಲಿ ಕೂರಿ. ಯಾವ ಠಾಣೆಯಲ್ಲಿ ಎಷ್ಟು ವರ್ಷ, ಯಾವ ದೊಡ್ಡ ಬೆಂಕಿ, ಏನು ಉರಿಯುತ್ತಿತ್ತು, ಎಷ್ಟು ಹೊತ್ತು ಒಳಗಿದ್ದರು ಎಂದೆಲ್ಲ ಕೇಳಿ. ಮಂಡ್ಯದ ಠಾಣೆ ಎಂದರೆ ಕಬ್ಬಿನ ಗದ್ದೆ, ಹುಲ್ಲಿನ ಮೆದೆ, ಆಲೆಮನೆ. ಕೆಲವು ಆಲೆಮನೆಗಳಲ್ಲಿ ಉರುವಲಿಗೆ ಪ್ಲಾಸ್ಟಿಕ್ಕು, ಹಳೆಯ ಟೈರು ಹಾಕುವುದನ್ನು ನೀವೂ ನೋಡಿರುತ್ತೀರಿ, ಅದರ ಹೊಗೆ ಬೇರೆಯೇ. ಹೊಗೆಯಲ್ಲಿ ಪ್ರಜ್ಞೆ ತಪ್ಪಿದ್ದುಂಟೇ ಎಂದು ತಪ್ಪದೆ ಕೇಳಿ, ಏಕೆಂದರೆ ಕಾರ್ಬನ್ ಮಾನಾಕ್ಸೈಡ್ ತಲೆಗೇರಿದ್ದರೆ ಮೆದುಳಿಗೆ ಪೆಟ್ಟು ಬಿದ್ದಿರಬಹುದು. ಏಣಿಯಿಂದ, ಗಾಡಿಯಿಂದ ಬಿದ್ದು ತಲೆಗೆ ಏಟಾದದ್ದನ್ನೂ ಬರೆಯಿರಿ. ಹಳೆಯ ನೆನಪು ಅವರಿಗೆ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಜೊತೆಯಲ್ಲಿ ದುಡಿದ ಒಬ್ಬಿಬ್ಬರನ್ನು ಕಾಫಿಗೆ ಕರೆದರೆ ಇನ್ನೂ ಒಳ್ಳೆಯದು.

ಕೊನೆಗೆ ಆ ನಾಲೆ. ನೀವು ಒಂದೇ ಸಾಲಿನಲ್ಲಿ ಬರೆದು ದಾಟಿಹೋಗಿದ್ದೀರಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ತೀರಿಕೊಂಡರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ನೀರಿಗಿಳಿದು ಅವರನ್ನು ಎತ್ತಿ ದಡಕ್ಕೆ ಮಲಗಿಸಿದವರಲ್ಲಿ ಇವರೂ ಒಬ್ಬರಾಗಿದ್ದರೆ, ಅಂದಿನಿಂದ ರಾತ್ರಿ ಕೂಗಿಕೊಂಡು ಏಳುವುದು ಹಠವೂ ಅಲ್ಲ, ದೆವ್ವವೂ ಅಲ್ಲ. ಅದು ಆಘಾತದ ನಂತರ ಬರುವ ಮನೋರೋಗ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ನ್ಯೂಯಾರ್ಕಿನ ಆ ಕೆಲಸಗಾರರಲ್ಲಿಯೂ ಈ ಆಘಾತ ಉಳಿದವರಲ್ಲಿ ನೆನಪಿನ ಶಕ್ತಿ ಹೆಚ್ಚು ಕುಂದಿದ್ದನ್ನು ಕಂಡಿದ್ದಾರೆ. ಇನ್ನೊಂದು ವಿಷಯ: ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬೀಸಿ ಪಕ್ಕದವರಿಗೆ ಹೊಡೆಯುವುದೂ ಉಂಟೇ? ಉಂಟಾದರೆ ವೈದ್ಯರಿಗೆ ಹೇಳಿ. ಅದು ಲೂಯಿ ಬಾಡಿ ಎಂಬ ಬೇರೆ ಬಗೆಯ ಕಾಯಿಲೆಯ ಮುನ್ಸೂಚನೆ ಆಗಿರಬಹುದು, ಮಗ ಮಾಡಿಸಿದ ಪರೀಕ್ಷೆ ಆ ಕಾಯಿಲೆಯನ್ನು ಹುಡುಕುವುದೇ ಇಲ್ಲ. ಗೊರಕೆ ಹೊಡೆಯುತ್ತಾ ಉಸಿರು ಕಟ್ಟುವುದಿದ್ದರೆ ಅದನ್ನೂ ಹೇಳಿ.

ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ಬಿ12, ಮೂತ್ರಪಿಂಡ, ಥೈರಾಯ್ಡ್, ಸೋಡಿಯಂ, ರಕ್ತದೊತ್ತಡ ನೋಡಿಸಿ, ತಲೆಯ ಸ್ಕ್ಯಾನ್ ಬಗ್ಗೆ ಕೇಳಿ. ನೆನಪಿನ ಪರೀಕ್ಷೆ ಕನ್ನಡದಲ್ಲಿಯೇ ಆಗಬೇಕು ಎಂದು ಪಟ್ಟು ಹಿಡಿಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಪರೀಕ್ಷೆಗಳು ಕನ್ನಡದಲ್ಲಿಯೂ ಇವೆ. ಬಿ12 ತುಂಬಿಸಿ, ಮಾತ್ರೆ ಸರಿಪಡಿಸಿ, ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿದಾಗಲೂ ಮರೆವು ಹಾಗೆಯೇ ಇದ್ದರೆ ಆಗ ನಿಮ್ಹಾನ್ಸ್‌ಗೆ ಹೋಗಿ, ಕೆಂಪು ಅಕ್ಷರದ ಹಾಳೆಯನ್ನೂ ಕೊಂಡೊಯ್ಯಿರಿ. ಅಲ್ಲಿ ಅದಕ್ಕೊಂದು ಅರ್ಥ ಬರಬಹುದು. ಅಲ್ಲಿಯವರೆಗೆ ಗಾಡಿ ಓಡಿಸುವುದು ಬೇಡ. ಕೀಲಿಕೈ ಕಿತ್ತುಕೊಳ್ಳಬೇಡಿ, ನೀವೂ ಜೊತೆಯಲ್ಲಿ ನಡೆದು ಹೋಗಿ ಹಾಲು ತನ್ನಿ. ರಾತ್ರಿ ತೀರಾ ಕಷ್ಟವಾದರೆ ಟೆಲಿಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತನಾಡುತ್ತಾರೆ. ಮೂರು ತಿಂಗಳಾದ ಮೇಲೆ ನನಗೊಂದು ಕಾಗದ ಬರೆಯಿರಿ.

ಪ್ರಶ್ನೆ: ನನಗೆ 33 ವರ್ಷ, ಮೈಸೂರಿನ ಒಂದು ಅಗ್ನಿಶಾಮಕ ಠಾಣೆಯಲ್ಲಿದ್ದೇನೆ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ಹೋಗಿದ್ದೆ. ಈಗಲೇ ಈ ರಕ್ತಪರೀಕ್ಷೆ ಮಾಡಿಸಿಕೊಂಡರೆ ಮುಂದೆ ಮರೆವು ಬರುತ್ತದೆಯೋ ಇಲ್ಲವೋ ತಿಳಿಯುತ್ತದೆಯೇ? ಬೆಂಕಿ ಕರೆಗೆ ಹೋದಾಗ ಒದ್ದೆ ಟವೆಲ್ ಕಟ್ಟಿಕೊಂಡರೆ ಸಾಕೇ?
— ಓದುಗ, ಮೈಸೂರು

ಉತ್ತರ: ಮಾಡಿಸಬೇಡಪ್ಪ. ಲಕ್ಷಣವೇ ಇಲ್ಲದ 33 ವರ್ಷದವನಿಗೆ ಈ ಪರೀಕ್ಷೆ ಇಲ್ಲ. ಬಂದ ಅಂಕಿಯನ್ನು ಏನು ಮಾಡಬೇಕೆಂದು ನಿನಗೂ ತಿಳಿಯದು, ಕೊಟ್ಟವರಿಗೂ ತಿಳಿಯದು. ‘ಎನ್‌ಎಫ್‌ಎಲ್’ ಎಂಬ ಇನ್ನೊಂದು ಪರೀಕ್ಷೆಯ ಜಾಹೀರಾತನ್ನೂ ನೋಡಿರುತ್ತೀಯ. ಅದು ನರತಂತುಗಳು ಎಲ್ಲಿ ಹಾಳಾದರೂ ಏರುತ್ತದೆ, ತಲೆಗೆ ಏಟಾದರೂ, ಸಕ್ಕರೆ ಕಾಯಿಲೆಯಿಂದ ಕಾಲಿನ ನರ ಸೊರಗಿದರೂ. ಯಾವ ಕಾಯಿಲೆ ಎಂದು ಅದು ಹೇಳದು. ನ್ಯೂಯಾರ್ಕಿನವರಲ್ಲಿ ಇಂಥ ಪ್ರೋಟೀನುಗಳನ್ನು ಅಳೆಯುತ್ತಿರುವುದು ಸಂಶೋಧನೆಗಾಗಿ, ಸಾವಿರಾರು ಜನರ ಸರಾಸರಿಗಾಗಿ. ಗುಂಪಿನ ಸರಾಸರಿಯಿಂದ ಒಬ್ಬನ ಹಣೆಬರಹ ಓದಲಾಗದು.

ಟವೆಲ್ ಸಾಲದು. ಒದ್ದೆ ಬಟ್ಟೆ ದಪ್ಪ ಮಸಿಯನ್ನು ಸ್ವಲ್ಪ ತಡೆಯುತ್ತದೆ, ಸಣ್ಣ ಕಣವನ್ನೂ ಅನಿಲವನ್ನೂ ತಡೆಯುವುದಿಲ್ಲ. ಎನ್95 ಕಣವನ್ನು ಹಿಡಿಯುತ್ತದೆ, ಕಾರ್ಬನ್ ಮಾನಾಕ್ಸೈಡನ್ನು ಬಿಟ್ಟುಬಿಡುತ್ತದೆ. ಒಳಗೆ ನುಗ್ಗುವುದಾದರೆ ಬಿ.ಎ. ಸೆಟ್, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಇರುವ ಉಸಿರಾಟದ ಉಪಕರಣ, ಬೇಕೇ ಬೇಕು. ನೀವೆಲ್ಲರೂ ತಪ್ಪು ಮಾಡುವ ಹೊತ್ತು ಒಂದಿದೆ: ಜ್ವಾಲೆ ಆರಿದ ಮೇಲೆ, ಬೂದಿ ಕೆದಕಿ ಕೆಂಡ ಹುಡುಕುವಾಗ. ಬೆಂಕಿ ಮುಗಿಯಿತು ಎಂದು ಮುಖದ ಮೇಲಿನದನ್ನು ತೆಗೆದುಬಿಡುತ್ತೀರಿ. ಅರೆಬೆಂದ ಪ್ಲಾಸ್ಟಿಕ್ಕು, ಪೇಂಟು, ತಂತಿಗಳ ವಿಷ ಆಗ ಚೆನ್ನಾಗಿಯೇ ಏಳುತ್ತಿರುತ್ತದೆ. ಆಗಲೂ ಹಾಕಿಕೊಂಡೇ ಇರು. ಮಸಿಯ ಸಮವಸ್ತ್ರವನ್ನು ಮನೆಗೆ ತಂದು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್ ತರುವಂಥದ್ದೆಂದು ಒಂದನೆಯ ಗುಂಪಿಗೆ ಸೇರಿಸಿದೆ. ಹಾಗಾಗಿ ಇದು ಮೆದುಳಿನ ಪ್ರಶ್ನೆ ಮಾತ್ರವಲ್ಲ.

ರಕ್ತಪರೀಕ್ಷೆಯ ದುಡ್ಡಿನಲ್ಲಿ ಒಂದು ಒಳ್ಳೆಯ ಬಿ.ಪಿ. ಯಂತ್ರ ತೆಗೆದುಕೊ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಷಿಯಾಕ್ಕೆ ದಾರಿ ಮಾಡುವ, ಆದರೆ ನಾವು ತಿದ್ದಬಹುದಾದ 14 ಸಂಗತಿಗಳನ್ನು ಹೇಳಿದೆ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್, ಸಿಗರೇಟು, ಅತಿಯಾದ ಕುಡಿತ, ಖಿನ್ನತೆ, ತಲೆಗೆ ಏಟು, ಮಲಿನ ಗಾಳಿ, ಕಿವಿ ಮಂದವಾಗುವುದು ಎಲ್ಲವೂ ಅದರಲ್ಲಿವೆ. ಹದಿನಾಲ್ಕನ್ನೂ ತಿದ್ದಿದರೆ ಜಗತ್ತಿನ ಸುಮಾರು 45 ಶೇಕಡ ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಅಂದಾಜು. ನಿನ್ನ ಕೆಲಸದಲ್ಲಿ ಇವುಗಳಲ್ಲಿ ಎಷ್ಟು ದಿನನಿತ್ಯ ಎದುರಾಗುತ್ತವೆ ಎಂದು ಎಣಿಸಿ ನೋಡು.

ಒಂದು ಡೈರಿ ಇಡು. ದಿನಾಂಕ, ಜಾಗ, ಏನು ಉರಿಯಿತು, ಎಷ್ಟು ಗಂಟೆ, ಮುಖಕ್ಕೆ ಏನಿತ್ತು ಎಂದು ಒಂದು ಸಾಲು ಸಾಕು. ಕೊಡಗಿನಿಂದಲೇ ಆರಂಭಿಸು, ಅಲ್ಲಿ ಕಂಡದ್ದು ಈಗಲೂ ನಿದ್ದೆ ಕೆಡಿಸುತ್ತಿದ್ದರೆ ಅದನ್ನೂ ಬರೆ, ಯಾರಿಗಾದರೂ ಹೇಳು. ಠಾಣೆಯಲ್ಲಿ ಉಳಿದವರೂ ಬರೆಯುವಂತೆ ಮಾಡಿದರೆ ಇಪ್ಪತ್ತು ವರ್ಷದ ನಂತರ ಯಾವುದೋ ವೈದ್ಯೆಗೆ ನನಗೆ ಸಿಗದ ಉತ್ತರ ಸಿಗುತ್ತದೆ.

ಪ್ರಶ್ನೆ: ನಮ್ಮ ಮಾವನವರಿಗೆ 72. ಹೇಳಿದ ಮಾತು ಅರ್ಧ ಗಂಟೆಯಲ್ಲಿ ಮರೆತಿರುತ್ತಾರೆ, ಟಿ.ವಿ. ಬೀದಿಗೆ ಕೇಳುವಷ್ಟು ಜೋರಾಗಿ ಇಡುತ್ತಾರೆ. ಮನೆಯವರು ಅರವತ್ತಕ್ಕೆ ಅರಳು ಮರಳು, ಬಿಡು ಎನ್ನುತ್ತಾರೆ. ಬಿಡಬಹುದೇ?
— ಸೊಸೆ, ಕುವೆಂಪುನಗರ, ಮೈಸೂರು

ಉತ್ತರ: ಬಿಡಬೇಡಮ್ಮ. ಆ ಗಾದೆ ನಮ್ಮ ಹಿರಿಯರಿಗೆ ಮಾಡಿರುವ ಅನ್ಯಾಯ ದೊಡ್ಡದು. ದೇಶದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು 7.4 ಶೇಕಡ ಎಂದು ರಾಷ್ಟ್ರೀಯ ಸಮೀಕ್ಷೆಯೊಂದರ ಅಂದಾಜು. ಅಂದರೆ ನೂರರಲ್ಲಿ ತೊಂಬತ್ತೆರಡು ಹಿರಿಯರಿಗೆ ಅರಳೂ ಇಲ್ಲ, ಮರಳೂ ಇಲ್ಲ. ಇದ್ದವರಿಗೆ ಅದು ಕಾಯಿಲೆ, ವಯಸ್ಸಲ್ಲ.

ಆದರೆ ಮಾವನವರು ನಿನ್ನ ಮಾತನ್ನು ಮರೆತರೋ, ಅದು ಅವರಿಗೆ ಕೇಳಿಸಲೇ ಇಲ್ಲವೋ? ಟಿ.ವಿ.ಯ ಸದ್ದು ನನಗೆ ಎರಡನೆಯದನ್ನೇ ಹೇಳುತ್ತಿದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮ್ಮ ಮನೆಯಿಂದ ದೂರವಿಲ್ಲ. ದೂರದ ರಾಜ್ಯಗಳಿಂದ ಜನ ಅಲ್ಲಿಗೆ ಬರುತ್ತಾರೆ. ಮೊದಲು ಅವರ ಕಿವಿ ಪರೀಕ್ಷೆ ಮಾಡಿಸು, ಯಂತ್ರ ಬೇಕೆಂದರೆ ಹಾಕಿಸು. ಮೊದಮೊದಲು ಕಿರಿಕಿರಿ ಎಂದು ತೆಗೆದು ಪೆಟ್ಟಿಗೆಯಲ್ಲಿ ಇಡುತ್ತಾರೆ; ದಿನಕ್ಕೆ ಒಂದು ಗಂಟೆಯಿಂದ ಆರಂಭಿಸಿ ರೂಢಿ ಮಾಡಿಸು. ಆಮೇಲೂ ಮರೆತರೆ ನೆನಪಿನ ಪರೀಕ್ಷೆಗೆ ಕರೆದುಕೊಂಡು ಹೋಗು. ಅವರು ಯಾವ ಕೆಲಸದಲ್ಲಿದ್ದರು ಎಂದು ನೀನು ಬರೆದಿಲ್ಲ. ವೈದ್ಯರು ಕೇಳದಿದ್ದರೂ ಅದನ್ನು ನೀನಾಗಿಯೇ ಹೇಳು.